ನೋಡೋಣ ಮಾವನ ಟ್ರೇಲರು

ಗಡಗಡ, ಗಡಗಡ, ಠಣ್.

ಬೆಳಗ್ಗೆ ಏಳೂಕಾಲಿಗೆ ನಮ್ಮ ಬೀದಿಯಲ್ಲಿ ಕೇಳುತ್ತಿದ್ದ ಸದ್ದು ಅದು. ಗಡಗಡ ಎನ್ನುವುದು ಟ್ರೇಲರಿನ ತಳದ ಹಲಗೆ. ಠಣ್ ಎನ್ನುವುದು ಅದರ ಹಿಂಬಾಗಿಲು, ಬೀದಿಯ ಕೊನೆಯಲ್ಲಿರುವ ಉಬ್ಬಿನ ಮೇಲೆ ಹಾರಿ ಬೀಳುವಾಗ. ಆ ಠಣ್ ಕೇಳಿದ ಮೇಲೆಯೇ ಪಕ್ಕದ ಮನೆಯ ಟೈಲರು ಅಂಗಡಿಯ ಶಟರ್ ಎತ್ತುತ್ತಿದ್ದರು. ಎದುರು ಮನೆಯ ನಾಯಿ ಒಂದೇ ಸಲ ಬೊಗಳಿ ಮತ್ತೆ ಮಲಗುತ್ತಿತ್ತು. ಮಹಡಿಯ ಕೋಣೆಯಲ್ಲಿದ್ದ ನಾನು ಕಾಲೇಜಿಗೆ ಹೊತ್ತಾಯಿತೆಂದು ಎದ್ದು ಕೂರುತ್ತಿದ್ದೆ.

ಟ್ರೇಲರು ನನ್ನ ಸೋದರಮಾವನದು, ನಾನಿದ್ದದ್ದು ಅವರ ಮನೆಯಲ್ಲೇ. ಮಾವ ಮತ್ತು ಅತ್ತೆ ಮನೆಮನೆಗೆ ಹೋಗಿ ಅಂಗಳದ ಹುಲ್ಲು ಕತ್ತರಿಸುವವರು. ವ್ಯಾನಿನ ಹಿಂದೆ ಟ್ರೇಲರು, ಟ್ರೇಲರಿನ ಮೇಲೆ ಹುಲ್ಲಿನ ಯಂತ್ರ. ಇಬ್ಬರು ಮನುಷ್ಯರ ತೂಕದ್ದು, ಹಿಡಿಕೆ ಹಿಡಿದು ಹಿಂದೆ ನಡೆದರೆ ತಾನೇ ಮುಂದೆ ಹೋಗುವಂಥದ್ದು. ಅಂಗಳದ ನಡುಭಾಗ ಮಾವನದು. ಹಗ್ಗ ಹಿಡಿದು ಎಳೆದಂತೆ ನೆಟ್ಟಗೆ ಪಟ್ಟೆ ಪಟ್ಟೆಯಾಗಿ ಕತ್ತರಿಸುತ್ತಾರೆ. ಗೋಡೆಯ ಬುಡ, ಮರದ ಸುತ್ತ, ಮೆಟ್ಟಿಲ ಮಗ್ಗುಲು ಅತ್ತೆಯದು. ಸೊಂಟಕ್ಕೆ ಕಟ್ಟಿದ ಟ್ರಿಮ್ಮರ್ ಹಿಡಿದು ಅಂಚು ತೆಗೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಾವ ಒಮ್ಮೆ ಅಂಚು ತೆಗೆಯಲು ಹೋಗಿ ಒಬ್ಬರ ಗುಲಾಬಿ ಗಿಡವನ್ನೂ ಇನ್ನೊಬ್ಬರ ದೂರವಾಣಿ ತಂತಿಯನ್ನೂ ಒಂದೇ ದಿನ ತೆಗೆದಿದ್ದರು. ಹೀಗಾಗಿ ದಿನವಿಡೀ ಒಂದೇ ಅಂಗಳದಲ್ಲಿದ್ದರೂ ಗಂಡ ಹೆಂಡತಿ ಎದುರಾಗುತ್ತಿದ್ದುದು ಮೂಲೆಗಳಲ್ಲಿ ಮಾತ್ರ. ನಾಲ್ಕು ಮೂಲೆ, ನಾಲ್ಕು ಸಲ. ಹತ್ತೊಂಬತ್ತು ವರ್ಷ.

ಮಾವನನ್ನು ಬೀದಿಯವರೆಲ್ಲ ಕರೆಯುವುದು ನೋಡೋಣ ಎಂದು. ಏನು ಕೇಳಿದರೂ ಮಾವ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ನೋಡೋಣ ಅನ್ನುತ್ತಾರೆ. ಹಲ್ಲು ನೋಯುತ್ತಿದ್ದಾಗ ಡಾಕ್ಟರು, ಕೀಳಲಾ ತುಂಬಲಾ ಎಂದು ಕೇಳಿದರು. ನೋಡೋಣ ಎಂದು ಮನೆಗೆ ಬಂದರು. ಎಂಟು ತಿಂಗಳು ಕಾದು ಹಲ್ಲು ತಾನಾಗಿಯೇ ಬಿತ್ತು. ಮನೆಗೆ ಬಣ್ಣ ಹೊಡೆಯಲು ಬಂದವನು ಬಿಳಿಯೋ ನೀಲಿಯೋ ಎಂದಾಗಲೂ ಅದೇ ಮಾತು. ಅವನು ನೋಡಲೆಂದು ಒಂದು ಗೋಡೆಗೆ ಬಿಳಿ, ಒಂದಕ್ಕೆ ನೀಲಿ ಬಳಿದು ಕಾದ. ಮನೆ ಈಗಲೂ ಹಾಗೇ ಇದೆ. ಎಡಗಡೆಯಿಂದ ಬರುವ ಪೋಸ್ಟ್‌ಮ್ಯಾನು ಅದನ್ನು ಬಿಳಿ ಮನೆ ಅನ್ನುತ್ತಾನೆ. ಬಲಗಡೆಯಿಂದ ಬರುವ ಹಾಲಿನವನು ನೀಲಿ ಮನೆ ಅನ್ನುತ್ತಾನೆ.

ಇನ್ನೊಂದು ಅಭ್ಯಾಸವೂ ಇತ್ತು. ಮಾತು ಮುಗಿಯುವ ಮೊದಲೇ ಎದ್ದು ಹೋಗುವುದು. ವಾಕ್ಯದ ಅರ್ಧದಲ್ಲಿ ಅವರ ಕಾಲು ಹೊರಟುಬಿಡುತ್ತಿತ್ತು. ಉಳಿದರ್ಧವನ್ನು ಕೇಳುವವರು ಅವರವರ ಅನುಕೂಲಕ್ಕೆ ತುಂಬಿಕೊಳ್ಳಬೇಕು.

ಅತ್ತೆ ತುಂಬಿಕೊಂಡವರೇ. ಮದುವೆಯ ಮಾತು ಎತ್ತಿದ್ದು ಅತ್ತೆ. "ನನ್ನನ್ನ ಮದ್ವೆ ಆಗ್ತೀರಾ?" ಎಂದು ಬಸ್‌ಸ್ಟಾಪಿನಲ್ಲಿ ನೇರವಾಗಿ ಕೇಳಿದರಂತೆ. ಮಾವ "ನೋಡೋಣ" ಎಂದು ಬಸ್ಸು ಹತ್ತಿದರಂತೆ. ಅತ್ತೆ ಮಾರನೆಯ ದಿನವೇ ನೋಂದಣಿ ಕಚೇರಿಗೆ ಹೋಗಿ ದಿನ ಗೊತ್ತುಮಾಡಿ ಬಂದರು. "ಇಷ್ಟವಿಲ್ಲದಿದ್ರೆ ನಡ್ಕೊಂಡು ಹೋಗೋರು ಕಣೇ. ಬಸ್ಸು ಹತ್ತಿದ್ರು ಅಂದ್ರೆ ಕಾಲು ನಡುಗಿತ್ತು ಅಂತ ಅರ್ಥ" ಎಂದು ನನಗೆ ಹೇಳಿದ್ದರು.

ಒಂದು ಗುರುವಾರ ಬೆಳಗ್ಗೆ ಗಡಗಡ ಕೇಳಿತು, ಠಣ್ ಕೇಳಲಿಲ್ಲ. ಅದರ ಬದಲು ಕರ್ರ್ ಎಂದು ಉದ್ದಕ್ಕೆ ಏನೋ ಎಳೆದ ಸದ್ದು. ಉಬ್ಬಿನ ಮೇಲೆ ಟ್ರೇಲರಿನ ಅಚ್ಚು ಮುರಿದಿತ್ತು. ಠಣ್ ಆಗದ್ದರಿಂದ ಟೈಲರು ಹತ್ತು ಗಂಟೆಯವರೆಗೂ ಅಂಗಡಿ ತೆರೆಯಲಿಲ್ಲ. ನಾಯಿ ಬೊಗಳಲು ಬಾಯಿ ತೆರೆದು, ಏನೋ ಮರೆತವರಂತೆ ಸುಮ್ಮನೆ ನಿಂತಿತ್ತು.

ವೆಲ್ಡರನ್ನು ಕರೆಸಿದರು. ಆತ ಟ್ರೇಲರಿನ ಕೆಳಗೆ ಮಲಗಿ ನೋಡಿ, ಎದ್ದು ಬೆನ್ನು ಝಾಡಿಸಿಕೊಂಡ.

"ಇದಕ್ಕೆ ಬೆಸುಗೆ ಹಾಕೋದೂ ಒಂದೇ, ತುಕ್ಕಿಗೆ ತುಕ್ಕು ಅಂಟಿಸೋದೂ ಒಂದೇ. ಹೊಸದು ಮಾಡಿಸ್ಕೊಳ್ಳಿ. ತೆರೆದಿದ್ದಾ, ಮುಚ್ಚಿದ್ದಾ?"

"ನೋಡೋಣ" ಎಂದರು ಮಾವ.

"ನೋಡಿ. ಅಲ್ಲೀವರೆಗೂ ನಮ್ಮ ಬಾಡಿಗೆ ಟ್ರೇಲರು ಇಟ್ಕೊಳ್ಳಿ. ಹೊಸದು ಬಂದ ದಿನ ಅದು ವಾಪಸ್ಸು."

ಆ ಸಂಜೆ ಟೈಲರು ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಮಾವನ ಜಗಲಿಗೆ ಬಂದರು. ಯಾವ ವಿಷಯಕ್ಕೂ ಅವರ ಬಳಿ ಒಂದು ಅಭಿಪ್ರಾಯ ಹೊಲಿದು ತಯಾರಿರುತ್ತದೆ.

"ಮುಚ್ಚಿದ್ದೇ ತಗೊಳ್ಳಿ ನೋಡೋಣ ಅವ್ರೇ. ನಾಲ್ಕು ಗೋಡೆ, ಒಂದು ಸೂರು, ಬೀಗ. ನಿಮ್ಮ ಯಂತ್ರ ಮದುಮಗಳ ಥರ ಒಳಗಿರುತ್ತೆ."

"ಒಳಗೆ ಪೆಟ್ರೋಲ್ ವಾಸನೆ ಕಟ್ಕೊಳ್ಳುತ್ತೆ. ಗಾಳಿಗೆ ಎದೆ ಕೊಟ್ಕೊಂಡು ಹೋಗ್ಬೇಕು, ನಮ್ಮ ವ್ಯಾನಿಗೆ ಆ ದಮ್ಮಿಲ್ಲ. ಮರದ ಕೊಂಬೆ ಬೇರೆ ತಗುಲುತ್ತೆ. ತೆರೆದಿದ್ರೆ ನಾಲ್ಕೂ ಕಡೆಯಿಂದ ಕೈ ಹಾಕಿ ಸಾಮಾನು ತೆಗೀಬಹುದು."

"ಅದೇ ನಾನೂ ಹೇಳಿದ್ದು. ಕಳ್ಳನೂ ನಾಲ್ಕೂ ಕಡೆಯಿಂದ ಕೈ ಹಾಕ್ತಾನೆ."

"ಹಾಗಂದ್ರೆ ಮುಚ್ಚಿದ್ದೇ ಸರಿ ಅಂತೀರಾ?"

"ಸರಿ ಅಂತೀನಿ."

"ಹ್ಮ್" ಎಂದು ಮಾವ ಗಲ್ಲ ಕೆರೆದುಕೊಂಡರು. ಟೈಲರು ಕುತ್ತಿಗೆ ಮುಂದೆ ಚಾಚಿದರು. "ನೋಡೋಣ, ತೆರೆದಿದ್ರೆ ಹುಲ್ಲಿನ ಮೂಟೆ ಸುರಿಯೋದು ಸುಲಭ, ಆದ್ರೆ ಮುಚ್ಚಿದ್ರೆ…" ಎನ್ನುತ್ತ ಮಾವ ಎದ್ದು ಹಿತ್ತಲಿಗೆ ಹೋದರು.

ಬಾಗಿಲ ಬಳಿ ನಿಂತು ಕೈಗವಸಿನ ತೂತು ಹೊಲಿಯುತ್ತಿದ್ದ ಅತ್ತೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದರು. ಹಿತ್ತಲಿಗೆ ಕೇಳಿಸುವಂತೆ, ಆದರೆ ದನಿ ಎತ್ತರಿಸದೆ ಹೇಳಿದರು.

"ಹತ್ತೊಂಬತ್ತು ವರ್ಷ ಊರವರ ಹುಲ್ಲು ಕತ್ತರಿಸಿದೀನಿ. ಅದರ ಮೇಲೆ ಒಂದು ದಿನ ಕೂತು ಊಟ ಮಾಡಿಲ್ಲ."

ಅದು ನಿಜ. ಆಗಷ್ಟೇ ಕತ್ತರಿಸಿದ ಹುಲ್ಲಿನ ಮೇಲೆ ಕೂತರೆ ಗುರುತು ಉಳಿಯುತ್ತದೆಂದು ಮನೆಯವರು ಕಿಟಕಿಯಿಂದ ಕೈ ಬೀಸಿ ಎಬ್ಬಿಸುತ್ತಾರೆ. ಮಧ್ಯಾಹ್ನದ ಊಟ ಯಾವಾಗಲೂ ರಸ್ತೆಯಲ್ಲಿ, ಟ್ರೇಲರಿನ ಅಂಚಿಗೆ ಕೂತು, ಕಾಲು ಇಳಿಬಿಟ್ಟುಕೊಂಡು. ಹೋಗುವವರು ಬರುವವರು ಡಬ್ಬಿಯೊಳಗೆ ಇಣುಕುತ್ತಾರೆ. ಒಮ್ಮೆ ಒಬ್ಬರು ಹೆಂಗಸು ಕಾರು ನಿಲ್ಲಿಸಿ, ಅದು ಏನು ಪಲ್ಯ ಎಂದು ಕೇಳಿ, ಉತ್ತರ ಕೇಳಿ, ತಲೆಯಾಡಿಸಿ ಹೋಗಿದ್ದರು.

"ನಾನು ಅಗಿಯೋದನ್ನ ಊರೆಲ್ಲ ನೋಡ್ಬೇಕಾ? ಮುಚ್ಚಿದ್ದು ಬಂದ್ರೆ ಬಾಗ್ಲು ಎಳ್ಕೊಂಡು ಹತ್ತು ನಿಮಿಷ ಒಳಗೆ ಕೂರ್ತೀನಿ. ತೆರೆದಿದ್ದು ಬಂದ್ರೆ ನಾನು ಆಸ್ಪತ್ರೆ ಲಾಂಡ್ರಿಗೆ ಸೇರ್ಕೋತೀನಿ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬನ್ನಿ ಅಂತ ಕಾಗದ ಬಂದಿದೆ. ಅಲ್ಲಿ ಊಟಕ್ಕೆ ಕೋಣೆ ಇದೆ. ಮೇಜಿದೆ. ಬಾಗ್ಲಿದೆ."

ಹಿತ್ತಲಿನಲ್ಲಿ ಬಕೆಟ್ಟಿಗೆ ಬೀಳುತ್ತಿದ್ದ ನೀರು ನಿಂತಿತು. ಮಾವ ಕೇಳಿಸಿಕೊಂಡಿದ್ದರು. ನೋಡೋಣ ಎಂಬ ಮಾತೂ ಬರಲಿಲ್ಲ. ಟೈಲರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಎದ್ದರು.

ಭಾನುವಾರ ಮಾವ ಸೀಮೆಸುಣ್ಣ ಹಿಡಿದು ನಡುಮನೆಯಲ್ಲಿ ಬಗ್ಗಿದರು. ಟ್ರೇಲರು ಹನ್ನೆರಡು ಅಡಿ ಉದ್ದ, ಆರಡಿ ಅಗಲ. ಮುಚ್ಚಿದ್ದರೆ ಹೇಗಿರುತ್ತದೆಂದು ತಿಳಿಯಬೇಕು. ಅಂಗಳ ಇಳಿಜಾರು, ಆದ್ದರಿಂದ ಮನೆಯೊಳಗೇ ಬರೆದು ನೋಡುವುದೆಂದು ತೀರ್ಮಾನವಾಯಿತು. ಟೇಪು ಟೈಲರದು. ಇನ್ನೊಂದು ತುದಿ ಹಿಡಿದವಳು ನಾನು. ಗೆರೆ ಸೋಫಾದ ಕೆಳಗೆ ಹೋಗಿ, ಮೇಜಿನ ಎರಡು ಕಾಲನ್ನು ಒಳಗೂ ಎರಡನ್ನು ಹೊರಗೂ ಬಿಟ್ಟು, ಅಡುಗೆಮನೆಯ ಹೊಸ್ತಿಲ ಬಳಿ ಕೂಡಿತು. ಅಡುಗೆಮನೆಯ ಕಡೆಗೆ ಬಾಗಿಲು ಎಂದು ಮಾವ ಎರಡು ಅಡ್ಡಗೆರೆ ಎಳೆದರು.

"ಇದು ಗೋಡೆ. ಒಳಗೆ ಹೋಗೋರು ಬಾಗ್ಲಿಂದಾನೇ ಹೋಗ್ಬೇಕು. ಇಲ್ಲಾಂದ್ರೆ ಪರೀಕ್ಷೆ ಸರಿಹೋಗಲ್ಲ."

ಮೊದಲ ಗಂಟೆ ಎಲ್ಲರೂ ನಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಟೈಲರು ಸೋಫಾದ ಮೇಲಿದ್ದ ಪೇಪರಿಗೆ ಹೊರಗಿನಿಂದ ಕೈ ಚಾಚಿದಾಗ ಅತ್ತೆ ಗದರಿದರು.

"ಗೋಡೆಯೊಳಗಿಂದ ಕೈ ಹಾಕ್ತೀರಲ್ಲ, ಕಣ್ಣು ಕಾಣಲ್ವಾ?"

"ಅಯ್ಯೋ, ತಪ್ಪಾಯ್ತಮ್ಮ" ಎಂದು ಅವರು ಕೈ ಹಿಂದೆಗೆದುಕೊಂಡು, ನಡುಮನೆಯನ್ನು ಒಂದು ಸುತ್ತು ಬಳಸಿ, ಬಾಗಿಲಿನಿಂದ ಬಂದು ಪೇಪರು ತೆಗೆದುಕೊಂಡು ಮತ್ತೆ ಬಳಸಿ ಹೋದರು. ಹೋಗುವಾಗ ಬಾಗಿಲು ಹಾಕಿಕೊಂಡು ಹೋದರು. ಗಾಳಿಯಲ್ಲಿ ಚಿಲಕ ಸಿಗಿಸಿದ್ದನ್ನು ನಾನೇ ಕಂಡೆ.

ಊಟದ ಹೊತ್ತಿಗೆ ಅತ್ತೆ ಕುರ್ಚಿಯೊಂದನ್ನು ಗೆರೆಯೊಳಗೆ ಎಳೆದುಕೊಂಡು, ಎಲ್ಲರಿಗೂ ಬೆನ್ನು ಹಾಕಿ ಕೂತು, ಡಬ್ಬಿ ತೆರೆದರು. ಮನೆಯಲ್ಲಿದ್ದರೂ ಡಬ್ಬಿಯಲ್ಲೇ ಹಾಕಿಕೊಂಡಿದ್ದರು, ಪರೀಕ್ಷೆಗಾಗಿ. ನಿಧಾನವಾಗಿ ಉಂಡರು. ಕೆಲಸದ ಊಟವನ್ನು ಅವರು ಯಾವಾಗಲೂ ಬಸ್ಸಿಗೆ ಹೊತ್ತಾದವರಂತೆ ಮುಗಿಸುತ್ತಿದ್ದರು. ಅಂದು ನಡುವೆ ಒಮ್ಮೆ ಕೈ ನಿಲ್ಲಿಸಿ ಸುಮ್ಮನೆ ಕೂತರು. ಅಷ್ಟೇ. ಕಿಟಕಿಯ ಬಿಸಿಲು ಗೆರೆ ದಾಟಿ ಅವರ ಪಾದದವರೆಗೆ ಬಂದಿತ್ತು. ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಮಾವ ಸೀಮೆಸುಣ್ಣದ ಗೆರೆಗೆ ಹೆಬ್ಬೆರಳು ತಾಗಿಸಿ ನಿಂತಿದ್ದರು.

"ಒಳಗೆ ಬರ್ಲಾ?"

"ಬಾಗ್ಲು ತಟ್ಟಿ."

ಮಾವ ಬಾಗಿಲ ಕಡೆಗೆ ಬಂದು ಗಾಳಿಯಲ್ಲಿ ಬೆರಳು ಮಡಿಚಿ ತಟ್ಟಿದರು. ಸದ್ದು ಬರಲಿಲ್ಲ. ಟೈಲರು ಪೇಪರಿನಿಂದ ತಲೆಯೆತ್ತದೆ ಗೋಡೆಗೆ ಟಕ್ ಟಕ್ ಎಂದು ಕುಟ್ಟಿಕೊಟ್ಟರು.

"ಯಾರು?" ಎಂದರು ಅತ್ತೆ.

ಮಾವ ಸ್ವಲ್ಪ ಯೋಚಿಸಿದರು. "ನಾನೇ" ಎಂದರು.

"ಊಟ ಮಾಡ್ತಾ ಇದೀನಿ. ಆಮೇಲೆ ಬನ್ನಿ."

ಮಾವ ಅಡುಗೆಮನೆಯ ಹೊಸ್ತಿಲಲ್ಲಿ ಹತ್ತು ನಿಮಿಷ ಕೂತು ಕಾದರು. ಅವರ ಮುಖದಲ್ಲಿ ಬೇಸರವಿರಲಿಲ್ಲ. ತನ್ನ ಮನೆಯೊಳಗೆ ತನಗೆ ಗೊತ್ತಿಲ್ಲದ ಇನ್ನೊಂದು ಮನೆಯಿದೆ ಎಂದು ಈಗಷ್ಟೇ ತಿಳಿದವರಂತೆ ಇದ್ದರು.

ಮರುದಿನ ವೆಲ್ಡರನ ಕಾರ್ಖಾನೆಗೆ ಫೋನು ಮಾಡಿದರು. ಪಕ್ಕದಲ್ಲಿ ನಾನಿದ್ದೆ. ವೆಲ್ಡರು ಇರಲಿಲ್ಲ, ಅವನ ತಾಯಿ ತೆಗೆದುಕೊಂಡರು. ಆಕೆ ಮೂವತ್ತು ವರ್ಷ ತಂತಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವುದು, ಒಂದಕ್ಷರ ಸೇರಿಸದಿರುವುದು, ಒಂದಕ್ಷರ ಬಿಡದಿರುವುದು ಅವರ ವ್ರತ. ಮಗನ ಆರ್ಡರ್ ಫಾರಂಗಳನ್ನೂ ಅವರೇ ತುಂಬುವುದು.

"ಉದ್ದ?" ಎಂದು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ಹನ್ನೆರಡು."

"ಅಗಲ?"

"ಆರು."

"ಬಗೆ? ತೆರೆದದ್ದೋ, ಮುಚ್ಚಿದ್ದೋ?"

ಮಾವ ರಿಸೀವರನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು. ಆ ಕ್ಷಣ ಅವರು ಹೇಳಿಯೇಬಿಡುತ್ತಾರೆ ಅನ್ನಿಸಿತು ನನಗೆ.

"ನೋಡೋಣ."

"ವಿಶೇಷ ಸೂಚನೆ ಏನಾದ್ರೂ?"

"ಮನೆಯವಳಿಗೆ ಕೂತ್ಕೊಳ್ಳೋಕೆ ಒಂದು…" ಎಂದವರು ರಿಸೀವರನ್ನು ಮೇಜಿನ ಮೇಲಿಟ್ಟು, ವ್ಯಾನಿನ ಕಡೆಗೆ ನಡೆದುಬಿಟ್ಟರು. ರಿಸೀವರಿನೊಳಗಿನಿಂದ "ಒಂದು ಏನು? ಒಂದು ಏನು?" ಎಂದು ಎರಡು ಸಲ ಕೇಳಿ, ಫೋನು ಕಟ್ಟಾಯಿತು.

ಅತ್ತೆ ಅಂದು ಸಂಜೆ ನಡುಮನೆಯ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒರೆಸಿದ ಮೇಲೂ ಟೈಲರು ಮೂರು ದಿನ ಸೋಫಾವನ್ನು ಸುತ್ತುಬಳಸಿಯೇ ಓಡಾಡಿದರು.

"ಏನಂದ್ರಿ ಅವ್ರಿಗೆ?" ಎಂದು ಅತ್ತೆ ಕೇಳಿದ್ದಕ್ಕೆ ಮಾವ, "ಹನ್ನೆರಡು ಆರು ಅಂದೆ" ಎಂದರು.

"ಬಗೆ?"

ಮಾವ ಲೋಟದೊಳಗೆ ನೋಡಿದರು. ಅತ್ತೆ ಎದ್ದರು. ಒಳಗೆ ಹೋಗಿ ಲಾಂಡ್ರಿಯ ಕಾಗದವನ್ನು ಮಡಿಚಿ ಸಂಚಿಯ ಹೊರಜೇಬಿಗೆ, ಸುಲಭವಾಗಿ ಕೈಗೆ ಸಿಗುವಲ್ಲಿ ಇಟ್ಟುಕೊಂಡರು. ಆಮೇಲಿನ ದಿನಗಳಲ್ಲಿ ಅಂಚು ತೆಗೆಯುವಾಗ ಮೂಲೆ ಬಂದರೆ ಅತ್ತೆ ತಲೆಯೆತ್ತುತ್ತಿರಲಿಲ್ಲವಂತೆ. ಅದನ್ನು ನನಗೆ ಹೇಳಿದ್ದು ಮಾವ. "ಇವತ್ತು ನಾಲ್ಕೂ ಮೂಲೇಲಿ ಟೋಪಿ ಒಂದೇ ಕಂಡಿದ್ದು" ಎಂದರು. ಒಂದು ಮಧ್ಯಾಹ್ನ ಅವರ ಪಟ್ಟೆಗಳು ಸೊಟ್ಟಗಾಗಿ, ಅಂಗಳದ ಯಜಮಾನರು ಮಹಡಿಯಿಂದ ನೋಡಿ, ಇದು ಹೊಸ ನಮೂನೆಯೋ ಎಂದು ವಿಚಾರಿಸಿದರು.

ಶನಿವಾರ ಬೆಳಗ್ಗೆ ವೆಲ್ಡರು ಹೊಸ ಟ್ರೇಲರನ್ನು ತನ್ನ ಲಾರಿಗೆ ಕಟ್ಟಿಕೊಂಡು ಬಂದ. ಮುಂದಿನ ಸೀಟಿನಲ್ಲಿ ಅವನ ತಾಯಿ, ತೊಡೆಯ ಮೇಲೆ ಫಾರಮಿನ ಕಟ್ಟು. ಬೀದಿಯವರು ಹೊರಗೆ ಬಂದರು.

ಅದು ತೆರೆದದ್ದಲ್ಲ. ಮುಚ್ಚಿದ್ದೆಂದೂ ಹೇಳುವ ಹಾಗಿರಲಿಲ್ಲ. ಸೂರಿತ್ತು. ಎರಡು ಮಗ್ಗುಲಿಗೆ ಮೂರು ಮೂರರಂತೆ ಆರು ಕಿಟಕಿಗಳಿದ್ದವು, ಸರಿಸುವ ಗಾಜಿನವು. ಹಿಂದೆ ಯಂತ್ರ ಹತ್ತಿಸುವ ರ‍್ಯಾಂಪಿನ ಬದಲು ಎರಡು ಮೆಟ್ಟಿಲು, ಮೆಟ್ಟಿಲ ಮೇಲೆ ಮನುಷ್ಯರು ಹೋಗುವಷ್ಟು ಅಗಲದ ಬಾಗಿಲು, ಬಾಗಿಲಿಗೆ ಹಿತ್ತಾಳೆಯ ಹಿಡಿ. ಒಳಗೆ ಗೋಡೆಯುದ್ದಕ್ಕೂ ಬೆಂಚು. ಕೆಳಗೆ ಚಕ್ರಗಳಿರದಿದ್ದರೆ ಸಣ್ಣ ಊರಿನ ರೈಲ್ವೆ ನಿಲ್ದಾಣದ ಕಾಯುವ ಕೋಣೆ ಎನ್ನಬಹುದಿತ್ತು.

"ಏನಪ್ಪ ಇದು?" ಎಂದರು ಟೈಲರು, ಮಾವನ ಪರವಾಗಿ.

ವೆಲ್ಡರು ತಾಯಿಯ ಕೈಯಿಂದ ಫಾರಂ ಇಸಿದುಕೊಂಡ. "ಇದರಲ್ಲಿ ಬರೆದಿದ್ದೇ ಮಾಡಿರೋದು. ಉದ್ದ ಹನ್ನೆರಡು, ಅಗಲ ಆರು. ಬಗೆ, ನೋಡೋಣ. ನಾನೂ ಎರಡು ದಿನ ತಲೆ ಕೆಡಿಸ್ಕೊಂಡೆ. ನೋಡೋಣ ಅಂದ್ರೆ ನೋಡೋಕೆ ಬೇಕು ಅಂತ ತಾನೇ? ಕಿಟಕಿ ಹಾಕ್ದೆ. ಆರು."

"ನಾನು ಒಂದಕ್ಷರ ಸೇರಿಸಿಲ್ಲ" ಎಂದರು ತಾಯಿ.

"ಅಯ್ಯೋ ಮಹರಾಯ! ನೋಡೋಣ ಅಂದ್ರೆ ಆಮೇಲೆ ಹೇಳ್ತೀನಿ ಅಂತ!" ಟೈಲರು ಹಣೆ ಚಚ್ಚಿಕೊಂಡರು.

"ಆಮೇಲೆ ಹೇಳಿದ್ರಾ?"

ಎಲ್ಲರೂ ಮಾವನ ಕಡೆಗೆ ತಿರುಗಿದರು. ಮಾವ ಬೂಟಿನ ತುದಿ ನೋಡಿಕೊಂಡರು.

"ಅಷ್ಟಕ್ಕೂ ಕೆಳಗೆ ಸ್ಪಷ್ಟವಾಗಿದೆಯಲ್ಲ" ಎಂದ ವೆಲ್ಡರು ಫಾರಮನ್ನು ಕಣ್ಣ ಹತ್ತಿರ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಓದಿದ. "ವಿಶೇಷ ಸೂಚನೆ. ಮನೆಯವಳಿಗೆ ಕೂತ್ಕೊಳ್ಳೋಕೆ ಒಂದು. ಅಷ್ಟೇ ಇದೆ. ಒಂದು ಏನು ಅಂತ ಇಲ್ಲ. ಒಂದು ಕುರ್ಚೀನೋ, ಒಂದು ಮೂಲೇನೋ. ಇರ್ಲಿ ಅಂತ ಬೆಂಚು ಹಾಕಿದೀನಿ. ಮನೆಯವರು ಹತ್ಬೇಕು ಅಂದ್ಮೇಲೆ ಮೆಟ್ಲು ಹಾಕಿದೀನಿ."

ಅತ್ತೆ ಅಲ್ಲಿಯವರೆಗೆ ಕೈಗವಸು ತೊಟ್ಟುಕೊಂಡು ಗೇಟಿಗೆ ಒರಗಿ ನಿಂತಿದ್ದರು. ಮುಂದೆ ಬಂದು, "ಕೊಡಿ ಇಲ್ಲಿ" ಎಂದು ಫಾರಂ ಇಸಿದುಕೊಂಡರು. ಒಂದು ಸಾಲನ್ನು ಓದಲು ಬೇಕಾಗುವುದಕ್ಕಿಂತ ಹೆಚ್ಚು ಹೊತ್ತು ಓದಿದರು. ಹಿಂದಿರುಗಿಸಿದರು. ಮಾವನ ಕಡೆಗೆ ನೋಡಲಿಲ್ಲ. ಕೈಗವಸನ್ನು ಮಾತ್ರ ತೆಗೆದರು.

ಯಂತ್ರವನ್ನು ಹತ್ತಿಸಿ ನೋಡುವುದೆಂದಾಯಿತು. ಎರಡು ಹಲಗೆಗಳನ್ನು ಮೆಟ್ಟಿಲಿಗೆ ಒರಗಿಸಿ, ಮಾವ ಹಿಂದಿನಿಂದ, ವೆಲ್ಡರು ಮಗ್ಗುಲಿನಿಂದ, ಟೈಲರು ಬಾಯಿಂದ ತಳ್ಳಿದರು. ಯಂತ್ರದ ಮೂಗು ಬಾಗಿಲಿಗೆ ಬಂದು ನಿಂತಿತು. ನಾಲ್ಕು ಬೆರಳಷ್ಟು ಅಗಲ ಹೆಚ್ಚಿತ್ತು. ಓರೆಯಾಗಿ ತಿರುಗಿಸಿದರು. ಹಿಡಿಕೆ ಬಿಚ್ಚಿದರು. "ಉಸಿರು ಬಿಗಿ ಹಿಡೀರಿ" ಎಂದರು ಟೈಲರು, ಯಾರಿಗೆಂದು ತಿಳಿಯಲಿಲ್ಲ. ಟೇಪು ತೆಗೆದು ಅಳೆದು, "ಯಂತ್ರದ ಸೊಂಟದಲ್ಲಿ ಸ್ವಲ್ಪ ಹಿಡೀಬೇಕು" ಎಂದು ಅಭ್ಯಾಸಬಲದಿಂದ ಹೇಳಿಬಿಟ್ಟರು. ಕೊನೆಗೆ ಯಂತ್ರವನ್ನು ಇಳಿಸಿ ರಸ್ತೆಯಲ್ಲಿ ನಿಲ್ಲಿಸಿದರು. ವ್ಯಾನಿನೊಳಗೆ ಕ್ಯಾನು, ಕುಂಟೆ, ಮೂಟೆ ತುಂಬಿ ಬೆರಳಾಡಿಸಲೂ ಜಾಗವಿರಲಿಲ್ಲ. ಬಾಡಿಗೆಯ ಟ್ರೇಲರನ್ನು ವೆಲ್ಡರು ಆಗಲೇ ತನ್ನ ಲಾರಿಗೆ ಸಿಕ್ಕಿಸಿಕೊಂಡಿದ್ದ.

ಅಂದರೆ ಜಗತ್ತಿನಲ್ಲಿ ಮನೆಯವಳು ಹಿಡಿಸಿ, ಹುಲ್ಲಿನ ಯಂತ್ರ ಹಿಡಿಸದ ಹುಲ್ಲಿನ ಟ್ರೇಲರು ಇದೊಂದೇ ಇರಬೇಕು.

ವೆಲ್ಡರು ಲಾರಿಯಿಂದ ಕಟರ್ ಇಳಿಸಿ, ವಯರು ಬಿಚ್ಚಿ, ಮಾವನ ಮನೆಯ ಪ್ಲಗ್ಗಿಗೆ ಹಾಕಿದ.

"ಸರಿ ಮಾಡ್ಬಹುದು. ಹಿಂದಿನ ಗೋಡೆ ಪೂರ್ತಿ ತೆಗೆದು ರ‍್ಯಾಂಪ್ ಕೂರಿಸ್ತೀನಿ. ಆದ್ರೆ ಆ ಗೋಡೆ ತೆಗೆದ್ರೆ ಸೂರು ನಿಲ್ಲಲ್ಲ. ಸೂರು ಹೋದ್ರೆ ಕಿಟಕಿ ನಿಲ್ಲಲ್ಲ. ಯಂತ್ರ ಬಂದ್ರೆ ಬೆಂಚಿಗೆ ಜಾಗ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಅಪ್ಪಟ ತೆರೆದ ಟ್ರೇಲರು ಕೊಡ್ತೀನಿ. ಕತ್ತರಿಸ್ಲಾ?"

ಕಟರಿನ ಚಕ್ರ ಒಮ್ಮೆ ಗುಯ್ಯೆಂದು ತಿರುಗಿ ನಿಂತಿತು. ಅತ್ತೆ ಸಂಚಿಯ ಹೊರಜೇಬಿನ ಮೇಲೆ ಕೈಯಿಟ್ಟುಕೊಂಡಿದ್ದರು. ಇನ್ನೆರಡು ದಿನಕ್ಕೆ ಲಾಂಡ್ರಿಯ ಸೋಮವಾರ. ಬೀದಿಯವರಿಗೆಲ್ಲ ಮುಂದಿನ ಮಾತು ಗೊತ್ತಿತ್ತು. ಕೆಲವರ ತುಟಿ ಆಗಲೇ ಆ ಮಾತಿಗೆ ಅಣಿಯಾಗಿತ್ತು. ವೆಲ್ಡರನ ತಾಯಿ ಪೆನ್ನಿನ ಟೋಪಿ ತೆಗೆದರು.

"ಈಗ್ಲೇ ಹೇಳ್ಬೇಕು ಸ್ವಾಮಿ. ಮತ್ತೆ ನೋಡೋಣ ಅಂದ್ರೆ ನಾನು ಇನ್ನಾರು ಕಿಟಕಿ ಹಾಕ್ಬಿಡ್ತೀನಿ. ಕತ್ತರಿಸ್ಲಾ, ಬೇಡ್ವಾ?"

ಮಾವ ಟ್ರೇಲರಿನ ಒಳಗೆ ನೋಡಿದರು. ಯಂತ್ರದ ಕಡೆಗೆ ನೋಡಿದರು. ಅತ್ತೆಯ ಕೈಯಿದ್ದ ಜೇಬಿನ ಕಡೆಗೆ ನೋಡಿದರು.

"ಬೇಡ" ಎಂದರು.

"ಏನಂದ್ರು?" ಎಂದರು ಟೈಲರು.

"ಬೇಡ ಅಂದ್ರು" ಎಂದೆ ನಾನು.

"ಇವ್ರಾ?"

"ಬೇ, ಡ" ಎಂದು ಬಿಡಿಸಿ ಬರೆದುಕೊಂಡ ವೆಲ್ಡರನ ತಾಯಿ ಕೆಳಗೊಂದು ಗೆರೆ ಎಳೆದು, "ಸಹಿ ಹಾಕಿ" ಎಂದು ಫಾರಂ ಚಾಚಿದರು. ಮಾವ ಹಾಕಿದರು. ಅವರ ಕಾಲು ಹೊರಡಲು ನೋಡಿತು. ಆದರೆ ಅಲ್ಲಿ ಹತ್ತುವುದಕ್ಕೆ ಬಸ್ಸು ಇರಲಿಲ್ಲ.

ಅತ್ತೆ ಎರಡು ಮೆಟ್ಟಿಲು ಹತ್ತಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಹೊರಗಿನಿಂದ ನಮಗೆ ಒಂದು ಕಿಟಕಿಯಲ್ಲಿ ಅವರ ಭುಜ ಕಂಡಿತು, ಮುಂದಿನದರಲ್ಲಿ ಕಂಡಿತು, ಅದರ ಮುಂದಿನದರಲ್ಲಿ ಕಂಡಿತು. ಬೆಂಚಿನ ಮೇಲೆ ಕೂತು, ಗಾಜು ಸರಿಸಿ, ಬೀದಿಯಲ್ಲಿ ಬಾಯಿ ತೆರೆದು ನಿಂತ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಊರನ್ನು ಅವರು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಟೈಲರು ಅಂಗಿಯ ಗುಂಡಿ ಸರಿಮಾಡಿಕೊಂಡರು.

"ಪರದೆ ಬೇಕಾಗುತ್ತೆ ಅಲ್ವಾ? ಆರು ಹೊಲಿದು ಕೊಡ್ತೀನಿ."

"ಬೇಕಾದಾಗ ಹೇಳ್ತೀನಿ" ಎಂದರು ಅತ್ತೆ.

ಕೊನೆಯ ಕಿಟಕಿಯೊಂದು ಚೌಕಟ್ಟಿನಲ್ಲಿ ಸಡಿಲವಾಗಿ ಅಲುಗಾಡುತ್ತಿತ್ತು. ಅತ್ತೆ ಅದನ್ನು ಎರಡು ಸಲ ತಟ್ಟಿ ನೋಡಿದರು. ಸಂಚಿಯ ಹೊರಜೇಬಿನಿಂದ ಲಾಂಡ್ರಿಯ ಕಾಗದ ತೆಗೆದು, ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡಿ ಗಾಜಿಗೂ ಚೌಕಟ್ಟಿಗೂ ನಡುವೆ ಬಿಗಿಯಾಗಿ ತುರುಕಿದರು. ಮತ್ತೆ ತಟ್ಟಿದರು. ಅಲುಗಾಡಲಿಲ್ಲ.

ಇಳಿದು ಬಂದು ವ್ಯಾನಿನ ಸ್ಟೀರಿಂಗಿನ ಮುಂದೆ ಕೂತರು. ಶನಿವಾರ ಮೂರು ಅಂಗಳಗಳಿರುತ್ತವೆ, ಮೊದಲನೆಯದು ದೊಡ್ಡ ರಸ್ತೆ ದಾಟಿ ಎರಡು ಕಿಲೋಮೀಟರು. ಮಾವ ಯಂತ್ರದ ಹಿಡಿಕೆಯನ್ನು ಮತ್ತೆ ಸಿಕ್ಕಿಸಿ, ಬ್ಲೇಡನ್ನು ಮೇಲಕ್ಕೆತ್ತಿ, ಹಗ್ಗ ಎಳೆದರು. ಯಂತ್ರ ಕೆಮ್ಮಿ, ಚಾಲೂ ಆಯಿತು. ಟೋಪಿ ಸರಿಮಾಡಿಕೊಂಡು, ಡಾಂಬರಿನ ಮೇಲೆ, ಅಂಗಳದಲ್ಲಿ ನಡೆಯುವಷ್ಟೇ ನೆಟ್ಟಗೆ ಅದರ ಹಿಂದೆ ಹೊರಟರು. ವ್ಯಾನು, ವ್ಯಾನಿನ ಹಿಂದೆ ಆರು ಕಿಟಕಿ, ಅವರ ಪಕ್ಕದಲ್ಲಿ ನಡಿಗೆಯ ವೇಗದಲ್ಲಿ ಸಾಗಿತು. ನಾಯಿ ಎರಡನ್ನೂ ನೋಡಿ, ಯಾವುದಕ್ಕೆ ಬೊಗಳುವುದೆಂದು ತಿಳಿಯದೆ ಕೂತುಬಿಟ್ಟಿತು.

"ದಿನಾ ಹೀಗೇ ನಡ್ಕೊಂಡು ಬರ್ತೀರಾ?" ಅತ್ತೆ ವ್ಯಾನಿನಿಂದ ತಲೆ ಹೊರಹಾಕಿ ಕೂಗಿದರು.

"ಬರ್ತೀನಿ!"

"ಮಳೆ ಬಂದ್ರೆ?"

"ಬಂದ್ರೆ ಬಾಗ್ಲು ತಟ್ತೀನಿ" ಎಂದು ಮಾವ ಯಂತ್ರದ ಸದ್ದನ್ನು ಮೀರಿಸಿ ಕೂಗಿದರು. ಬೀದಿಯ ಕೊನೆಯ ಉಬ್ಬು ಬಂತು. ಯಂತ್ರದ ಮುಂದಿನ ಚಕ್ರ ಅದನ್ನು ಹತ್ತಿ ಇಳಿಯಿತು, ಹಿಂದಿನ ಚಕ್ರ ಹತ್ತಿ ಇಳಿಯಿತು, ಹುಲ್ಲಿನ ಬುಟ್ಟಿ ಎಲ್ಲೋ ಸಣ್ಣಗೆ ಠಣ್ ಎಂದಿತು, ನಮ್ಮ ಹಿಂದೆ ಟೈಲರ ಶಟರು ಮೇಲೆದ್ದ ಸದ್ದು ಕೇಳಿಸಿತು. "ನೀನು ಊಟ ಮಾಡ್ತಾ ಇದ್ರೆ ಕಾಯ್ತೀನಿ, ಮುಗಿದಿದ್ರೆ ಒಳಗೆ ಬಂದು ನಿನ್ನ ಪಕ್ಕ ಆ ಕಿಟಕಿ ಹತ್ರ ಕೂತ್ಕೊಂಡು ನಾವಿಬ್ರೂ…" ಎನ್ನುತ್ತ ಮಾವ ತಿರುವಿನಲ್ಲಿ…